ಚಪ್ಪಾಳೆ ಇಲ್ಲದ ಹಾಡು

"ಚಪ್ಪಾಳೆ ಎಲ್ಲಿ ಹೋಯ್ತು ಸಾರ್?"

ಕರಿಬಸವಯ್ಯನವರು ಗುಂಡಿ ಒತ್ತಿ ಟೇಪ್ ರೆಕಾರ್ಡರ್ ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸುವಂಥದ್ದು ಅದರಲ್ಲೇನೂ ಇರಲಿಲ್ಲ.

"ಯಾವ ಚಪ್ಪಾಳೆ ಮೇಡಂ?"

"ಭಾನುವಾರ ಕರೆಂಟ್ ಹೋದಾಗ ಜನ ತಟ್ಟಿದ್ದು. ಅರವತ್ತು ಜನ, ಆರು ನಿಮಿಷ. ನಿಮ್ಮ ಕ್ಯಾಸೆಟ್ಟಲ್ಲಿ ಆ ಹೊತ್ತಿಗೆ ಒಂದೇ ಒಂದು ಚಪ್ಪಾಳೆ ಇಲ್ಲ."

ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತು. ಐದು ಗಂಟೆಯೊಳಗೆ ಆ ಕ್ಯಾಸೆಟ್ಟನ್ನು ಇನ್‌ಸ್ಪೆಕ್ಟರ್ ಶಾಂತವೀರಪ್ಪನವರ ಮೇಜಿನ ಮೇಲೆ ಇಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಇಡದಿದ್ದರೆ ಅವರ ಲಾಕಪ್ಪಿನಲ್ಲಿರುವ ಚನ್ನವೀರ ನಾಳೆ ಬೆಳಿಗ್ಗೆ ಕೋರ್ಟಿಗೆ, ಅಲ್ಲಿಂದ ಜೈಲಿಗೆ.

ನಡೆದದ್ದು ಇಷ್ಟು. ಭಾನುವಾರ ಸಂಜೆ ಜೆ.ಪಿ. ನಗರದ ಒಂದು ಸಂಘದ ಹಾಲ್‌ನಲ್ಲಿ 'ಸಾರಕ್ಕಿ ಹಿಲ್ ಬಾಯ್ಸ್' ಬ್ಯಾಂಡಿನ ಕಾರ್ಯಕ್ರಮ. ನಡುವೆ ಕರೆಂಟು ಹೋಯಿತು. ಬಂದಾಗ ಬ್ಯಾಂಜೊ ನುಡಿಸುವ ನರೇಂದ್ರ ಹಿಂದಿನ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದ. ಅಂಗಿಯ ಕಾಲರ್ ಹರಿದಿತ್ತು, ಮೇಲಿನ ಎರಡು ಗುಂಡಿ ಕಿತ್ತುಹೋಗಿದ್ದವು. ತಾನಾಗಿ ಜಾರಿದವನ ಅಂಗಿ ಹಾಗೆ ಹರಿಯುವುದಿಲ್ಲ. ಇವತ್ತು ಗುರುವಾರ, ಅವನಿನ್ನೂ ಕಣ್ಣು ಬಿಟ್ಟಿಲ್ಲ. ತಾಯಿ ಮಾರಮ್ಮ ಆಸ್ಪತ್ರೆಯ ಬೆಂಚು ಬಿಟ್ಟು ಎದ್ದಿಲ್ಲ.

ಸಾರಕ್ಕಿಯಲ್ಲಿ ಗುಡ್ಡವಿಲ್ಲ. ಇರುವುದು ಒಂದು ಕೆರೆ, ಒಂದು ಮಾರುಕಟ್ಟೆ, ಮತ್ತು ಸಿಗ್ನಲ್ಲಿನಲ್ಲಿ ನಿಂತು ಸುಮ್ಮಸುಮ್ಮನೆ ಹಾರ್ನ್ ಹೊಡೆಯುವ ಜನ. ಆದರೂ ನಾಲ್ಕು ಜನ ತಮ್ಮನ್ನು ಗುಡ್ಡದ ಹುಡುಗರೆಂದು ಕರೆದುಕೊಂಡಿದ್ದರು. ಅವರು ನುಡಿಸುವ ಬ್ಲೂಗ್ರಾಸ್ ಎಂಬುದು ಅಮೆರಿಕದ ಗುಡ್ಡಗಾಡಿನವರ ತಂತಿವಾದ್ಯದ ಸಂಗೀತವಂತೆ, ಅಂಥ ಬ್ಯಾಂಡಿಗೆ ಹೆಸರಿನಲ್ಲೊಂದು ಗುಡ್ಡ ಇದ್ದರೆ ಚೆಂದವಂತೆ. ಡ್ರಮ್ಸ್ ಇಲ್ಲ, ಕೀಬೋರ್ಡ್ ಇಲ್ಲ. ಒಂದೇ ಮೈಕಿನ ಸುತ್ತ ನಾಲ್ಕು ಜನ ನಿಲ್ಲುತ್ತಾರೆ, ಸರದಿ ಬಂದವನು ಮುಂದೆ, ಉಳಿದವರು ಹಿಂದೆ.

ರವಿಕುಮಾರ ಗಿಟಾರು ಹಿಡಿದು ಕನ್ನಡದಲ್ಲೇ ಹಾಡುತ್ತಿದ್ದ. ಕಿಟ್ಟಿ ತನಗಿಂತ ಎತ್ತರದ, ಪಿಟೀಲಿನಂಥ ಬೇಸ್ ತಬ್ಬಿಕೊಂಡು ನಿಲ್ಲುತ್ತಿದ್ದ. ಸಾರಕ್ಕಿಯಲ್ಲೇ ಹುಟ್ಟಿ ಬೆಳೆದ ನರೇಂದ್ರನ ಬ್ಯಾಂಜೊ ನೋಡಿದರೆ, ತಮಟೆಗೆ ಉದ್ದನೆಯ ಹಿಡಿ ಕೂಡಿಸಿ ಐದು ತಂತಿ ಬಿಗಿದ ಹಾಗಿತ್ತು. ಚನ್ನವೀರ ಗದಗಿನವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ, ಅವನದು ಮ್ಯಾಂಡೊಲಿನ್.

ಹನ್ನೆರಡು ವರ್ಷ ಪೊಲೀಸ್ ಸ್ಟೇಷನ್ನಿನಲ್ಲಿ ರೈಟರ್ ಆಗಿದ್ದು, ಈಗ ಜಯನಗರದಲ್ಲಿ ಡಿಟೆಕ್ಟಿವ್ ಎಂಬ ಬೋರ್ಡಿನಡಿ ಹುಡುಗ–ಹುಡುಗಿಯರ ಮದುವೆಗೆ ಮುಂಚಿನ ವಿಚಾರಣೆ ಮಾಡಿಕೊಂಡಿರುವ ಹೆಂಗಸು ನಾನು, ಕಮಲಾದೇವಿ. ಈ ಬ್ಯಾಂಡಿನ ಅಭಿಮಾನಿಗಳಲ್ಲಿ ಕಂಡಷ್ಟು ಭಕ್ತಿ ನನಗೆ ದೇವಸ್ಥಾನದ ಸಾಲಿನಲ್ಲೂ ಕಂಡಿಲ್ಲ. ಹುಳಿಮಾವಿನಿಂದ ಎರಡು ಬಸ್ಸು ಬದಲಾಯಿಸಿ ಬರುವವರಿದ್ದರು. ಅವರೆಲ್ಲರ ಪೈಕಿ ಹಿರಿಯರು ಈ ಕರಿಬಸವಯ್ಯನವರು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ರಿಟೈರ್ ಆದವರು, ಚಿಕ್ಕಲಸಂದ್ರದಲ್ಲಿ ಸ್ವಂತ ಮನೆ. ಮೂರು ವರ್ಷದಿಂದ ಬ್ಯಾಂಡಿನ ಒಂದೊಂದು ಕಾರ್ಯಕ್ರಮವನ್ನೂ ಬ್ಯಾಟರಿ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದಾರೆ. ಖಾಲಿ ಕ್ಯಾಸೆಟ್ ತಂದುಕೊಟ್ಟ ಯಾರಿಗೇ ಆದರೂ ಪ್ರತಿ ಮಾಡಿಕೊಡುತ್ತಾರೆ.

ನನಗೆ ಬೇಕಾಗಿದ್ದದ್ದೂ ಆ ಕ್ಯಾಸೆಟ್ಟೇ.

ಕಾರಣ ಸರಳ. ಡ್ರಮ್ಸ್ ಇಲ್ಲದ ಬ್ಯಾಂಡಿಗೆ ಮ್ಯಾಂಡೊಲಿನ್ನೇ ಡ್ರಮ್ಸ್. ಬೇಸಿನ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ, ತಂತಿಗಳನ್ನು ಅದುಮಿ ಹಿಡಿದು 'ಚಕ್' ಎಂದು ಹೊಡೆಯುತ್ತಲೇ ಇರಬೇಕು. ಅದು ನಿಂತರೆ ಹಾಡು ಕುಂಟುತ್ತದೆ. ಭಾನುವಾರ ಕರೆಂಟು ಹೋಗುವ ಹೊತ್ತಿಗೆ ನಿಧಾನ ಲಯದ ಒಂದು ಭಜನೆಯ ಹಾಡು ಶುರುವಾಗಿತ್ತು. ಅಂಥ ಹಾಡಿಗೆ ಬ್ಯಾಂಜೊ ನುಡಿಸಬಾರದೆಂಬುದು ಈ ಸಂಗೀತದ ಪದ್ಧತಿ. ಹಾಗಾಗಿ ನರೇಂದ್ರ ವಾದ್ಯ ಕೆಳಗಿಟ್ಟು ಹಿಂದಿನ ಮೆಟ್ಟಿಲ ಕಡೆ ಹೋಗಿದ್ದ. ಮೈಕ್ ಸತ್ತರೂ ಉಳಿದ ಮೂವರು ಕತ್ತಲಲ್ಲೇ ಹಾಡು ಮುಗಿಸಿದರು. ಆ ಆರು ನಿಮಿಷದಲ್ಲಿ 'ಚಕ್' ಒಂದು ಸಲವೂ ನಿಂತಿಲ್ಲವೆಂದು ಟೇಪು ಹೇಳಿದರೆ, ಚನ್ನವೀರ ವೇದಿಕೆ ಬಿಟ್ಟು ಇಳಿದಿಲ್ಲ.

"ಕ್ಯಾಸೆಟ್ ಬಂದು ಸಾಕ್ಷಿ ಹೇಳುತ್ತೇನ್ರೀ ಕಮಲಾದೇವಿ?" ಎಂದು ಶಾಂತವೀರಪ್ಪ ಬೆಳಿಗ್ಗೆ ನಕ್ಕಿದ್ದರು. "ತನ್ನಿ, ಕೇಳೋಣ. ಆದ್ರೆ ಅವತ್ತು ಮಧ್ಯಾಹ್ನ ನಾಲ್ಕು ಜನರ ಮುಂದೆ ಅವನು ಏನಂದ ಅಂತ ಮರೀಬೇಡಿ."

ಅವನು ಅಂದದ್ದು ಕೆಟ್ಟದಾಗಿಯೇ ಇತ್ತು. ನರೇಂದ್ರ ಯಾವುದೋ ಕ್ಯಾಸೆಟ್ ಕಂಪನಿಯ ಜೊತೆ ಮಾತಾಡಿ ಬಂದಿದ್ದ. ಆಲ್ಬಂ ಮಾಡುತ್ತಾರಂತೆ, ಆದರೆ ಡ್ರಮ್ಸ್ ಹಾಕಬೇಕಂತೆ. ಡ್ರಮ್ಸ್ ಬಂದರೆ ಮ್ಯಾಂಡೊಲಿನ್ನಿಗೆ ಕೆಲಸವಿಲ್ಲ. ಈ ಬ್ಯಾಂಡನ್ನೇ ನಂಬಿ ಏಪ್ರಿಲ್‌ನಲ್ಲಿ ಕೊರಿಯರ್ ಆಫೀಸಿನ ನೌಕರಿ ಬಿಟ್ಟಿದ್ದ ಚನ್ನವೀರ, "ಡ್ರಮ್ಸ್ ತಂದು ನೋಡು, ನಿನ್ನ ಕೈ ಮುರೀತೀನಿ" ಎಂದಿದ್ದ. ಇವತ್ತು ಬೆಳಿಗ್ಗೆ ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಸ್ಟೇಷನ್ನಿನ ಮುಂದೆ ಅವನ ಹೆಂಡತಿ ಭಾಗ್ಯಜ್ಯೋತಿ ನನ್ನ ಎರಡೂ ಕೈ ಹಿಡಿದುಕೊಂಡಳು. ಪೊಲೀಸರ ಅನುಮಾನ ಗಂಡನ ಮೇಲೆ ಬಿದ್ದ ಸೋಮವಾರವೇ ಕೇಸು ನನಗೆ ಒಪ್ಪಿಸಿದವಳೂ ಅವಳೇ.

"ಕತ್ತಲಾಗ ನಾವೆಲ್ಲಾ ಕುಂತಲ್ಲೇ ಚಪ್ಪಾಳಿ ಹೊಡದ್ವಿರೀ ಅಕ್ಕಾರ. ನನ್ನ ಅಂಗೈ ಕೆಂಪಾಗಿದ್ವು. ನಮ್ಮ ಮನಿಯವರ ಮ್ಯಾಂಡೊಲಿನ್ ಒಂದ್ ಗಳಿಗಿ ನಿಂತಿಲ್ರೀ. ಪೊಲೀಸರಿಗೂ ಅದನ್ನ ಬರೆಸೇನಿ."

"ಸಂಜೆಯೊಳಗೆ ನಿನ್ನ ಗಂಡ ಮನೆಯಲ್ಲಿರ್ತಾನೆ" ಎಂದುಬಿಟ್ಟೆ. ನಾಲ್ಕು ಗಂಟೆಗೆ ಕರಿಬಸವಯ್ಯನವರ ಮನೆಗೆ ಬಾ, ಅಲ್ಲಿಂದ ಇಬ್ಬರೂ ಸ್ಟೇಷನ್ನಿಗೆ ಹೋಗೋಣ ಎಂದೂ ಹೇಳಿದೆ. ನಿನ್ನೆಯೇ ನನ್ನ ಕೈಗೆ ಬಂದಿದ್ದ ಪ್ರತಿಯಲ್ಲಿ 'ಚಕ್' ನಿಜವಾಗಿಯೂ ಎಲ್ಲೂ ನಿಂತಿರಲಿಲ್ಲ. ಅದೇ ಧೈರ್ಯ ನನಗೆ.

ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತಾ ಆ ಕ್ಯಾಸೆಟ್ಟನ್ನೇ ಮತ್ತೆ ಹಾಕಿದೆ. ಆಗ ಹೊಳೆಯಿತು. ಕಿಟ್ಟಿಗೆ ಫೋನ್ ಮಾಡಿ ಕೇಳಿದೆ. "ಹೌದು ಮೇಡಂ, ಕರೆಂಟ್ ಹೋದ್ರೆ ನಮ್ ಜನ ಮೆಲ್ಲಗೆ ಚಪ್ಪಾಳೆ ಹಾಕ್ತಾರೆ. ಕತ್ತಲಲ್ಲಿ ನಮ್ಗೆ ತಾಳ ತಪ್ಪಬಾರದು ಅಂತ. ಯಾವಾಗ್ಲೂ ಹಾಗೇನೇ. ಭಾನುವಾರನೂ ಹಾಕಿದ್ರು" ಎಂದ. ಒಲೆ ಆರಿಸಿ ಆಟೋ ಹಿಡಿದೆ.

"ಸಾರ್, ನಾನು ಕೇಳಿದ್ದಕ್ಕೆ ನೀವಿನ್ನೂ ಉತ್ತರ ಹೇಳಿಲ್ಲ."

"ರೆಕಾರ್ಡರ್ ಮೈಕ್ ವೇದಿಕೆ ಕಡೆ ತಿರುಗಿತ್ತು ಮೇಡಂ. ಜನರ ಸದ್ದು ಬಿದ್ದಿರಲಿಕ್ಕಿಲ್ಲ."

"ಹಿಂದಿನ ಹಾಡಲ್ಲಿ ಯಾರೋ ಕೆಮ್ಮಿದ್ದು ಬಿದ್ದಿದೆ. ಅರವತ್ತು ಜನರ ಚಪ್ಪಾಳೆ ಬೀಳಲಿಲ್ವಾ?"

ಒಳಗಿನಿಂದ ಅವರ ಹೆಂಡತಿ ಶಿವವ್ವ ಎರಡು ಲೋಟ ಮಜ್ಜಿಗೆ ತಂದಿಟ್ಟು, ಗಂಡನನ್ನೊಮ್ಮೆ ನೋಡಿದರು. "ನಾಲ್ಕು ದಿನ ಆತು ಮೇಡಮ್ಮಾರ, ಇವರು ಸರಿಯಾಗಿ ಉಂಡಿಲ್ಲ, ಮಲಗಿಲ್ಲ. ಸ್ವಲ್ಪ ಬುದ್ಧಿ ಹೇಳ್ರಿ" ಎಂದು ನನಗೆ ಹೇಳಿ ಒಳಗೆ ಹೋದರು.

ನಾನು ಎದ್ದು ಕ್ಯಾಸೆಟ್ಟುಗಳ ಕಪಾಟಿನ ಮುಂದೆ ನಿಂತೆ. ಇನ್ನೂರಕ್ಕೂ ಹೆಚ್ಚಿದ್ದವು. ಪ್ರತಿಯೊಂದರ ಕಾರ್ಡಿನ ಮೇಲೂ ದುಂಡನೆಯ ಅಕ್ಷರದಲ್ಲಿ ಊರು, ತಾರೀಖು, ಹಾಡಿನ ಪಟ್ಟಿ. ಒಂದನ್ನು ಎಳೆದು ಓದಿದೆ.

"'ನಾಲ್ಕನೇ ಹಾಡಿನ ಕೊನೆಯ ಇಪ್ಪತ್ತು ಸೆಕೆಂಡು ತೇಪೆ, ಬಸವನಗುಡಿ ಕಾರ್ಯಕ್ರಮದಿಂದ.' ಏನು ಸಾರ್ ಇದು?"

"ಟೇಪ್ ತಿರುಗಿಸಿ ಹಾಕುವಾಗ ಸ್ವಲ್ಪ ಹಾಡು ತಪ್ಪಿಹೋಗುತ್ತೆ. ಕೇಳೋರಿಗೆ ಅರ್ಧಕ್ಕೆ ನಿಲ್ಲಬಾರದು ಅಂತ ಬೇರೆ ಕಾರ್ಯಕ್ರಮದ ಅದೇ ಹಾಡಿನ ತುಂಡು ಕೂಡಿಸ್ತೀವಿ."

"ಕೂಡಿಸಿದ್ರೆ ಬರೀತೀರಿ."

"ಬರೀಲೇಬೇಕು." ಅವರ ದನಿ ಒಮ್ಮೆಗೇ ಏರಿತು. "ಬರೀದೆ ತೇಪೆ ಹಾಕೋದು ಕಳ್ಳತನ. ಟೇಪ್ ಮಾಡೋರಲ್ಲಿ ಅಂಥವನನ್ನ ಯಾರೂ ಹತ್ರ ಸೇರಿಸಲ್ಲ."

ನಾನು ಭಾನುವಾರದ ಕಾರ್ಡನ್ನು ಅವರ ಮುಂದೆ ಇಟ್ಟೆ. ಅದರಲ್ಲಿ ತೇಪೆಯ ಮಾತಿರಲಿಲ್ಲ.

ಅವರು ಅದನ್ನು ಮುಟ್ಟಲಿಲ್ಲ. ಮಜ್ಜಿಗೆಯ ಲೋಟವನ್ನು ಮೇಜಿನ ಮೇಲೆ ಅತ್ತಿತ್ತ ಸರಿಸುತ್ತಾ ಕೂತರು.

"ಯಾವ ಕಾರ್ಯಕ್ರಮದ ತುಂಡು?"

"ಮೇ ತಿಂಗಳದ್ದು. ಬನಶಂಕರಿ." ಲೋಟ ದೂರ ತಳ್ಳಿದರು. "ಅಲ್ಲಿ ಮೈಕ್ ಇಲ್ಲದೆ ಹಾಡಿದ್ರು. ಕರೆಂಟ್ ಹೋದಲ್ಲಿಂದ ಹಾಡು ಪೂರ್ತಿ ಅದೇ. ಸೋಮವಾರ ಕೂತು ಮಾಡಿದೆ. ತಾಳ ಕೂಡುತ್ತಾ, ಶ್ರುತಿ ಕೂಡುತ್ತಾ, ಎಲ್ಲ ನೋಡಿದೆ. ಚಪ್ಪಾಳೆ ಮಾತ್ರ ಹೊಳೀಲೇ ಇಲ್ಲ ಮೇಡಂ."

"ಅಷ್ಟು ದೊಡ್ಡ ಸದ್ದು ಹೇಗೆ ಹೊಳೀಲಿಲ್ಲ?"

"ಟೇಪ್ ಮಾಡೋನಿಗೆ ಜನರ ಸದ್ದು ಕೊಳೆ. ಮೂರು ವರ್ಷದಿಂದ ಅದನ್ನ ಬಿಟ್ಟು ಕೇಳೋಕೆ ಕಿವಿ ಪಳಗಿಸಿದೀನಿ. ಚಪ್ಪಾಳೆ ಇಲ್ಲದ ಹಾಡು ಕೇಳಿದ್ರೆ ನನಗೆ ಹಿತ ಅನಿಸುತ್ತೆ, ಅನುಮಾನ ಬರಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಈ ಮನುಷ್ಯನ ಟೇಪು ನಂಬಿ ನಾನೊಬ್ಬ ಹೆಣ್ಣುಮಗಳಿಗೆ ಮಾತು ಕೊಟ್ಟಿದ್ದೆ. ಇದನ್ನು ಶಾಂತವೀರಪ್ಪನಿಗೆ ಕೊಟ್ಟಿದ್ದರೆ ನನ್ನ ಮಾನದ ಮಾತು ಹಾಗಿರಲಿ, ಚನ್ನವೀರನ ಕತ್ತಿಗೆ ನಾನೇ ಹಗ್ಗ ಬಿಗಿದ ಹಾಗಾಗುತ್ತಿತ್ತು.

"ಅಂದ್ರೆ ನಿಜವಾದ ಟೇಪಲ್ಲಿ ಮ್ಯಾಂಡೊಲಿನ್ ನಿಂತಿದೆ. ಅವನನ್ನ ಉಳಿಸೋಕೆ ಹೀಗೆ ಮಾಡಿದ್ರಿ. ಅಲ್ವಾ?"

"ಇಲ್ಲ."

"ಮತ್ತೆ?"

"ಕೇಳಬೇಡಿ ಮೇಡಂ. ದಯವಿಟ್ಟು. ಅದನ್ನ ಅಳಿಸಿಬಿಟ್ಟೆ."

ಸುಳ್ಳು ಹೇಳುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಬಹಳ ಜನ ನನ್ನ ಮುಖ ತಪ್ಪಿಸುತ್ತಾರೆ. ಇವರು ತಪ್ಪಿಸಲಿಲ್ಲ. ಬದಲಿಗೆ ಅವರ ಎಡಗೈ ಅಂಗಿಯ ಜೇಬಿನ ಮೇಲೆ ಹೋಗಿ ಕೂತಿತು. ಜೇಬು ಉಬ್ಬಿತ್ತು.

"ಮಳೆಗೆ ಕಾರ್ಯಕ್ರಮವೇ ನಡೀದಿದ್ದ ದಿನದ ಟೇಪೂ ಈ ಕಪಾಟಲ್ಲಿದೆ ಸಾರ್. ಬರೀ ಮಳೆ ಸದ್ದು. ಅದನ್ನೂ ಅಳಿಸದ ನೀವು ಇದನ್ನ ಅಳಿಸ್ತೀರಾ? ತೆಗೀರಿ ಹೊರಗೆ."

ಅವರು ಅಳಲು ಶುರುಮಾಡಿದರು. ಅರವತ್ತೆರಡು ವರ್ಷದ ಗಂಡಸು, ಸದ್ದಿಲ್ಲದೆ, ಭುಜ ಕುಲುಕಿಸಿಕೊಂಡು. ನಾನು ಕೈ ಚಾಚಿಕೊಂಡೇ ನಿಂತೆ. ಕೊನೆಗೆ ಜೇಬಿನಿಂದ ಕ್ಯಾಸೆಟ್ ಹೊರಬಂತು. ಕಾರ್ಡಿಲ್ಲ, ಹೆಸರಿಲ್ಲ. ನಾನೇ ಮೆಷಿನ್ನಿಗೆ ಹಾಕಿದೆ.

ಭಜನೆಯ ಹಾಡು ಶುರುವಾಯಿತು. ಗಿಟಾರು, ಬೇಸು, 'ಚಕ್'. ರವಿಕುಮಾರನ ದನಿ ಎರಡನೇ ಸಾಲಿಗೆ ಬರುವಷ್ಟರಲ್ಲಿ ಟಪ್ ಎಂದು ಮೈಕ್ ಸತ್ತಿತು. ಜನ 'ಓ' ಎಂದರು. ಹಾಡು ದೂರ ಸರಿದಂತಾಯಿತು, ಆದರೆ ನಿಲ್ಲಲಿಲ್ಲ. ಆಮೇಲೆ ಚಪ್ಪಾಳೆ. ಮೊದಲು ನಾಲ್ಕೈದು, ಆಮೇಲೆ ಹಾಲ್ ತುಂಬಾ. ಎಲ್ಲಕ್ಕಿಂತ ಹತ್ತಿರದಲ್ಲಿ, ರೆಕಾರ್ಡರಿನ ಮಗ್ಗುಲಲ್ಲೇ, ಒಂದು ಜೊತೆ ಕೈ. ಗಾಜಿನ ಬಳೆಗಳ ಸದ್ದೂ ಜೊತೆಗಿತ್ತು.

ಚಪ್ಪಾಳೆಯ ಕೆಳಗೆ ನಾನು ಮ್ಯಾಂಡೊಲಿನ್ ಹುಡುಕಿದೆ. ಇತ್ತು. ಚಕ್, ಚಕ್, ಚಕ್. ಸಣ್ಣಗೆ, ಸ್ಪಷ್ಟವಾಗಿ. ಕಿವಿಯನ್ನು ಸ್ಪೀಕರಿಗೆ ಅಂಟಿಸಿ ಕೂತೆ. ಒಂದು ನಿಮಿಷ. ಎರಡು. ಹಾಡು ಮುಗಿಯುವವರೆಗೂ ಅದು ನಿಲ್ಲಲಿಲ್ಲ.

"ಸಾರ್! ಇದು ನಿಂತೇ ಇಲ್ವಲ್ಲ! ಇದನ್ನ ಯಾಕೆ ಮುಚ್ಚಿಟ್ರಿ? ಇದೊಂದೇ ಸಾಕು ಅವನನ್ನ ಬಿಡಿಸೋಕೆ!"

ಕರಿಬಸವಯ್ಯನವರು ತಲೆಯೆತ್ತಲಿಲ್ಲ. "ಇನ್ನೊಂದ್ಸಲ ಹಿಂದಕ್ಕೆ ಹಾಕಿ ಮೇಡಂ. ಮ್ಯಾಂಡೊಲಿನ್ ಬಿಡಿ. ಹತ್ರದ್ದು ಕೇಳಿ."

ಹಿಂದಕ್ಕೆ ಹಾಕಿದೆ. ಮೈಕ್ ಸತ್ತಿತು. ಚಪ್ಪಾಳೆ. ಬಳೆಯ ಕೈಗಳು ಹತ್ತು ಸಲ ತಟ್ಟಿದವು, ಹದಿನೈದು ಸಲ ತಟ್ಟಿದವು. ನಿಂತವು.

ಪಿಸುಮಾತೊಂದು ಕೇಳಿತು. "ಕಾಕಾ, ಬಂದೆ."

ಕುರ್ಚಿ ಸರಿದ ಸದ್ದು. ಆಮೇಲೆ ಬಾಗಿಲಿನ ಕೀಲು ನರಳಿತು. ಅದು ಯಾವ ಬಾಗಿಲೆಂದು ನನಗೆ ಗೊತ್ತಿತ್ತು. ಸೋಮವಾರ ಅದನ್ನು ಮೂರು ಸಲ ತೆರೆದು ಮುಚ್ಚಿ ನೋಡಿದ್ದೆ. ಮೂರನೇ ಸಾಲಿನ ಪಕ್ಕದ ಬಾಗಿಲು, ಹಿಂದಿನ ಮೆಟ್ಟಿಲಿಗೆ ಹೋಗುವುದು.

ವೇದಿಕೆಯ ಮೇಲೆ ಹಾಡು ಸಾಗಿತು. ಜನ ತಟ್ಟುತ್ತಿದ್ದರು. ರೆಕಾರ್ಡರಿನ ಮಗ್ಗುಲು ಮಾತ್ರ ಖಾಲಿಯಾಗಿತ್ತು. ನಾನು ಗಡಿಯಾರ ನೋಡುತ್ತಾ ಕೂತೆ. ಎರಡು ನಿಮಿಷ ನಲವತ್ತು ಸೆಕೆಂಡು. ಮತ್ತೆ ಕೀಲು ನರಳಿತು, ಮತ್ತೆ ಕುರ್ಚಿ. ಅದಾದ ಮೇಲೆ ಆ ಹತ್ತಿರದ ಕೈಗಳ ಚಪ್ಪಾಳೆ ಕೇಳಲಿಲ್ಲ. ಮೆಟ್ಟಿಲು ಹತ್ತಿ ಓಡಿಬಂದವರ ಏದುಸಿರು ಹಾಡು ಮುಗಿಯುವವರೆಗೂ ಕೇಳಿತು. ಬಳೆಯ ಸದ್ದು ಒಂದು ಸಲವೂ ಬರಲಿಲ್ಲ.

ನಾನು ಟೇಪು ನಿಲ್ಲಿಸಿದೆ.

"ಪಕ್ಕದ ಕುರ್ಚಿ ಯಾರದು ಸಾರ್?"

"ನಿಮಗೇ ಗೊತ್ತಲ್ಲ."

"ನೀವು ಹೇಳಿ."

"ಭಾಗ್ಯಂದು. ಮೂರು ವರ್ಷದಿಂದ ಅಲ್ಲೇ ಕೂರೋದು. ಬ್ಯಾಟರಿ ಬದಲಾಯಿಸೋಕೆ ಸಹಾಯ ಮಾಡ್ತಾಳೆ. ಶಿವವ್ವನಿಗೆ ಅವಳು ಮಗಳಿದ್ದ ಹಾಗೆ." ಅವರು ಅಂಗೈಯಿಂದ ಮುಖ ಒರೆಸಿಕೊಂಡರು. "ಸೋಮವಾರ ಬಂದು ಕಾಲು ಹಿಡಿದುಕೊಂಡ್ಲು. ಅಲ್ಲಿ ಏನಾಯ್ತು ಅಂತ ನಾನು ಕೇಳಲಿಲ್ಲ. ಕೇಳಿದ್ರೆ ಹೇಳಿಬಿಡ್ತಾಳೆ ಅಂತ ಭಯ."

ಬೆಳಿಗ್ಗೆ ನನ್ನ ಕೈ ಹಿಡಿದ ಹೆಂಗಸು ಕೇಳದೆಯೇ ಚಪ್ಪಾಳೆಯ ಮಾತು ತೆಗೆದಿದ್ದಳು. ಅಂಗೈ ಕೆಂಪಾಗುವಷ್ಟು ತಟ್ಟಿದೆನೆಂದು ಹೇಳಿಕೆ ಬರೆಸಿದ್ದಳು. ಹದಿನೈದು ಸಲ ತಟ್ಟಿದರೆ ಯಾರ ಅಂಗೈಯೂ ಕೆಂಪಾಗುವುದಿಲ್ಲ. ಅವಳ ಮೇಲೆ ನನಗೆ ಕೋಪ ಬರಬೇಕಿತ್ತು. ಬಂದದ್ದು ಸಂಕಟ.

"ಮೇಡಂ, ನೀವೊಬ್ರು ಸುಮ್ಮನಿದ್ರೆ ಸಾಕು." ಕರಿಬಸವಯ್ಯನವರು ಮುಂದಕ್ಕೆ ಬಾಗಿದರು. "ತೇಪೆ ಹಾಕಿದ್ದನ್ನೇ ಕೊಡಿ. ಚನ್ನವೀರ ನಿಜವಾಗ್ಲೂ ತಪ್ಪು ಮಾಡಿಲ್ಲ. ನಾವೇನು ಸುಳ್ಳು ಸಾಕ್ಷಿ ಹೇಳ್ತಿಲ್ಲ. ಅವನು ಹೊರಗೆ ಬರ್ತಾನೆ, ಇವಳೂ ಉಳೀತಾಳೆ."

"ಶಾಂತವೀರಪ್ಪನಿಗೆ ಕಿವಿ ಇಲ್ಲ ಅಂದ್ಕೊಂಡ್ರಾ? ಕತ್ತಲಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ರು ಅಂತ ಅವಳೇ ಹೇಳಿಕೆ ಬರೆಸಿದಾಳೆ. ಆ ಕಾಗದ ಅವರ ಮೇಜಿನ ಮೇಲಿದೆ. ನಿಮ್ಮ ತೇಪೆ ಕೇಳಿ ಒಂದೇ ನಿಮಿಷಕ್ಕೆ, ಚಪ್ಪಾಳೆ ಎಲ್ಲಿ ಅಂತ ಕೇಳ್ತಾರೆ. ಆಮೇಲೆ ಚನ್ನವೀರನನ್ನ ಆ ದೇವರೇ ಬಂದ್ರೂ ಬಿಡಿಸೋಕಾಗಲ್ಲ."

ಅವರಿಗೆ ಅರ್ಥವಾಯಿತು. ಮುಂದಕ್ಕೆ ಬಾಗಿದ್ದವರು ಕುರ್ಚಿಗೆ ಒರಗಿದರು.

ಚನ್ನವೀರನನ್ನು ಮನೆಗೆ ಕಳಿಸಲು ನನ್ನ ಬಳಿ ಇದ್ದದ್ದು ಈ ಹೆಸರಿಲ್ಲದ ಕ್ಯಾಸೆಟ್ ಒಂದೇ. ಅದನ್ನು ಕೊಟ್ಟರೆ ಅವನು ಮನೆಗೆ ಹೋಗುತ್ತಾನೆ, ಬಾಗಿಲು ತೆರೆಯಲು ಹೆಂಡತಿ ಇರುವುದಿಲ್ಲ. ಸಂಜೆಯೊಳಗೆ ನಿನ್ನ ಗಂಡ ಮನೆಯಲ್ಲಿರುತ್ತಾನೆ ಎಂದು ನಾನು ಮಾತು ಕೊಟ್ಟದ್ದು ಅವಳಿಗೇ. ಇಷ್ಟು ವರ್ಷ ಎಷ್ಟೋ ಮನೆಯವರಿಗೆ ಕೆಟ್ಟ ಸುದ್ದಿ ಮುಟ್ಟಿಸಿದ್ದೇನೆ. ಈ ಸುದ್ದಿ ಮುಟ್ಟಿಸಲು ಮನಸ್ಸು ಬರಲಿಲ್ಲ.

ಇನ್ನೊಂದು ಸಲ ಕೇಳಬೇಕು ಎನಿಸಿತು. ಆ ಪಿಸುಮಾತು ಅವಳದ್ದಲ್ಲದೆ ಬೇರೆ ಯಾರದ್ದೋ ಇರಬಹುದೆಂಬ ಹುಚ್ಚು ಆಸೆ. ಟೇಪು ಹಿಂದಕ್ಕೆ ಹಾಕಿ ಗುಂಡಿ ಒತ್ತಿದೆ.

ಹಾಡು. ಟಪ್. 'ಓ.' ಚಪ್ಪಾಳೆ.

ಹೊರಗೆ ಗೇಟಿನ ಸದ್ದಾಯಿತು. ಶಿವವ್ವ ಅಡುಗೆಮನೆಯಿಂದ ಹಾಯ್ದು ಹೋಗಿ ಚಿಲಕ ತೆಗೆದರು. "ಬಾ ಭಾಗ್ಯಾ, ಮೇಡಮ್ಮಾರು ಆಗಿಂದ ಬಂದು ಕುಂತಾರ, ಒಳಗ ಬಾ" ಎಂದರು. ನಾನು ಗುಂಡಿಯ ಕಡೆ ಕೈ ಚಾಚಿದೆ. ಕರಿಬಸವಯ್ಯನವರೂ ಚಾಚಿದರು. ಇಬ್ಬರ ಬೆರಳೂ ಒಂದಕ್ಕೊಂದು ತಗುಲಿ, ಇಬ್ಬರೂ ತಡಮಾಡಿದೆವು.

"ಕಾಕಾ, ಬಂದೆ" ಎಂದಿತು ಟೇಪು.

ಭಾಗ್ಯಜ್ಯೋತಿ ಹೊಸ್ತಿಲ ಮೇಲೆ ನಿಂತಿದ್ದಳು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದಳು, ಇನ್ನೊಂದು ಕಾಲಿನಲ್ಲೇ ಇತ್ತು. ಕುರ್ಚಿ ಸರಿದದ್ದನ್ನೂ ಬಾಗಿಲು ನರಳಿದ್ದನ್ನೂ ಪೂರ್ತಿ ಕೇಳಿಸಿಕೊಂಡಳು. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಅದನ್ನ ಅಳಿಸಿಬಿಟ್ಟೇನಿ ಅಂದಿದ್ರಲ್ರೀ ಕಾಕಾ?"